ಭಾನುವಾರ ಹೇಳಿಟ್ಟ ಮಾತುಗಳು

ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಶಿಶುವಿಹಾರದಲ್ಲಿ ಎಲ್ಲರಿಗೂ ಅವಳು ದೊಡ್ಡಮ್ಮ. ಮಾತು ಈಗಷ್ಟೇ ಮೂಡುತ್ತಿದ್ದ ಕೂಸುಗಳು ಹಾಗೆ ಕರೆಯುತ್ತಿದ್ದವು, ಅವುಗಳನ್ನು ಬಿಟ್ಟು ಹೋಗಲು ಬರುವ ತಂದೆತಾಯಿಗಳು ಕರೆಯುತ್ತಿದ್ದರು, ಅವಳಿಗಿಂತ ವಯಸ್ಸಿನಲ್ಲಿ ಹಿರಿಯಳಾದ ಅಡುಗೆಯವಳೂ ನಾಚಿಕೆಯಿಲ್ಲದೆ ಕರೆಯುತ್ತಿದ್ದಳು. ಸಂಬಳ ಕೊಡುವ ಮೇಡಂ ಕೂಡ "ದೊಡ್ಡಮ್ಮ, ಬಾಲ್ಕನಿ ಬಾಗಿಲು ಹಾಕಿದ್ರಾ?" ಎಂದೇ ಕೇಳುವುದು. ಹುಟ್ಟಿದಾಗ ಇಟ್ಟ ಹೆಸರು ತಿಂಗಳಿಗೊಮ್ಮೆ ಸಹಿ ಮಾಡುವಾಗ ಹೊರಗೆ ಬಂದು, ಗಾಳಿ ಕುಡಿದು, ಮತ್ತೆ ಒಳಗೆ ಹೋಗುತ್ತಿತ್ತು.

ಅಲ್ಲಿ ಸೇರುವ ಮೊದಲು ಅವಳು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಕಣ್ಣು ಮಂಜಾಗುತ್ತಾ ಬಂತು. ಬಿಳಿ ಅಂಗಿಗಳ ಒಂದು ಇಡೀ ರಾಶಿಗೆ ಕೆನೆ ಬಣ್ಣದ ಗುಂಡಿ ಹೊಲಿದಿಟ್ಟ ದಿನ ಮೇಸ್ತ್ರಿ ತಲೆ ಚಚ್ಚಿಕೊಂಡು, "ಸಾಕು ತಾಯಿ, ಮನೆಗೆ ಹೋಗಿ ಮೊಮ್ಮಕ್ಕಳನ್ನ ಆಡ್ಸು" ಎಂದ. ಆಡಿಸೋಣವೆಂದರೆ ಮೊಮ್ಮಕ್ಕಳು ಇರಲಿಲ್ಲ. ಮಗನಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹಾಗಾಗಿ ಊರವರ ಮಕ್ಕಳನ್ನು ಆಡಿಸಲು ಬಂದಳು.

ಆ ಕೆಲಸ ಅವಳಿಗೆ ನೀರು ಕುಡಿದಷ್ಟು ಸಲೀಸು. ಹಸಿವಿನ ಅಳು ಯಾವುದು, ನಿದ್ದೆಯ ಅಳು ಯಾವುದು, ಸುಮ್ಮನೆ ಜನರನ್ನು ಹೆದರಿಸಿ ನೋಡೋಣ ಎಂಬ ಅಳು ಯಾವುದು ಎಂದು ಪಕ್ಕದ ಕೋಣೆಯಿಂದಲೇ ಹೇಳಬಲ್ಲಳು. ಒಂದು ಕೈಯಲ್ಲಿ ಒಂದಕ್ಕೆ ತುತ್ತು, ಇನ್ನೊಂದು ಕೈಯಲ್ಲಿ ಇನ್ನೊಂದರ ಮೂಗು. ಗೋಡೆಗೆ ಒರಗಿಸಿಟ್ಟ ಚಾಪೆಗಳನ್ನು ಅವಳು ಬಿಚ್ಚಿದಳೆಂದರೆ ಕೆಲವು ಮಕ್ಕಳಿಗೆ ಆ ಸದ್ದಿಗೇ ಕಣ್ಣು ಎಳೆಯುತ್ತಿತ್ತು.

ತಾಪತ್ರಯ ಬಂದದ್ದು ಇಂಗ್ಲಿಷಿನಿಂದ. ಪಕ್ಕದ ಬೀದಿಯಲ್ಲಿ ಇನ್ನೊಂದು ಶಿಶುವಿಹಾರ ತೆರೆಯಿತು. ಅದರ ಬೋರ್ಡಿನ ಮೇಲೆ ಆನೆ, ಜಿರಾಫೆಗಳು ಕೂಡ ಇಂಗ್ಲಿಷಿನಲ್ಲೇ ನಗುತ್ತಿದ್ದವು. ಮೇಡಂಗೆ ನಿದ್ದೆ ಹಾರಿತು. ಯೋಚಿಸಿ ಯೋಚಿಸಿ ಒಂದು ಉಪಾಯ ತೆಗೆದರು: ದಿನಾ ಮಧ್ಯಾಹ್ನ ಒಂದು ಗಂಟೆಗೆ ಪ್ರತಿ ಮಗುವಿನ ತಾಯಿಗೂ ಒಂದು ವಾಯ್ಸ್ ಮೆಸೇಜ್ ಹೋಗಬೇಕು. ನಿಮ್ಮ ಮಗು ಈಗ ಏನು ಮಾಡುತ್ತಿದೆ ಎಂದು, ಇಂಗ್ಲಿಷಿನಲ್ಲಿ. ಊಟದ ಬಿಡುವಿನಲ್ಲಿ ತಾಯಂದಿರು ಕೇಳಿ ಖುಷಿಪಡಬೇಕು. ಶಾಲೆ ಕಲಿತ ಹುಡುಗಿಯೊಬ್ಬಳು ಅಲ್ಲಿ ಕೆಲಸಕ್ಕಿದ್ದಳು, ಅವಳಿಗೆ ಇದು ಲೆಕ್ಕಕ್ಕೇ ಇರಲಿಲ್ಲ. ಅವಳು ಬೇರೆ ಕೆಲಸ ಸಿಕ್ಕಿ ಹೋದಳು ನೋಡಿ, ಆ ಮೆಸೇಜಿನ ಕೆಲಸ ದೊಡ್ಡಮ್ಮನ ಸ್ವಂತ ಫೋನಿಗೆ ಬಂತು.

"ನಂಗೆ ಇಂಗ್ಲಿಷ್ ಎಲ್ಲಿ ಬರುತ್ತೆ ಮೇಡಂ?"

"ಏನಿದೆ ಅದ್ರಲ್ಲಿ? ಈಟಿಂಗ್, ಸ್ಲೀಪಿಂಗ್, ಪ್ಲೇಯಿಂಗ್. ಮೂರು ಮಾತು. ಅಳ್ತಾ ಇದೆ ಅಂತ ಮಾತ್ರ ಯಾವತ್ತೂ ಹೇಳ್ಬೇಡಿ ಆಯ್ತಾ? ಅಮ್ಮಂದಿರು ಕೆಲಸ ಬಿಟ್ಟು ಓಡಿ ಬರ್ತಾರೆ. ಒಂದ್ಸಲ ಬಂದ್ರೆ ದಿನಾ ಬರ್ತಾರೆ."

ಮೊದಲ ವಾರ ದೊಡ್ಡಮ್ಮ ಮಕ್ಕಳ ನಡುವೆಯೇ ನಿಂತು, ಫೋನನ್ನು ತುಟಿಗೆ ತಾಗಿಸಿಕೊಂಡು, ಬಾವಿಗೆ ಕೂಗುವವಳ ಹಾಗೆ ಕೂಗಿದಳು. "ಗುಬ್ಬಿ ಈಸ್ ಈಟ್ ರೈಸ್!" "ಬೇಬಿ ಸ್ಲೀಪಿಂಗ್ ಎವ್ರಿಡೇ ನೌ!" ವಾರದ ಕೊನೆಗೆ ಮಗುವನ್ನು ಕರೆದೊಯ್ಯಲು ಬಂದ ಅಪ್ಪನೊಬ್ಬ ಬಾಗಿಲಲ್ಲೇ ನಿಂತು ಅವಳ ದನಿಯಲ್ಲೇ, "ದೊಡ್ಡಮ್ಮ ಈಸ್ ಕಮ್?" ಎಂದ. ಚಪ್ಪಲಿ ಹಾಕಿಕೊಳ್ಳುತ್ತಿದ್ದವರೆಲ್ಲ ಗೊಳ್ಳೆಂದರು. ದೊಡ್ಡಮ್ಮನೂ ನಕ್ಕಳು. ನಗದೆ ಇನ್ನೇನು ಮಾಡುವುದು? ಆದರೆ ಮನೆ ಸೇರುವವರೆಗೂ ಕಿವಿ ಕಾದ ಹೆಂಚಾಗಿತ್ತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಆ ಮನೆಯಲ್ಲಿ ಸೊಸೆಯ ಕಾಲ ಬೇಗನೇ ಬಂತು. ಸೊಸೆ ಬೀದಿಯ ಮಕ್ಕಳಿಗೆ ಸಂಜೆ ಪಾಠ ಹೇಳುವವಳು. ಮಿತಭಾಷಿ, ಶಿಸ್ತಿನವಳು, ಸೀಮೆಸುಣ್ಣ ಹಿಡಿದ ಬೆರಳನ್ನು ಅಡುಗೆಮನೆಯಲ್ಲೂ ಹಾಗೇ ಎತ್ತಿಕೊಂಡಿರುವವಳು. "ನಂಗೂ ಸ್ವಲ್ಪ ಹೇಳ್ಕೊಡೇ" ಎಂದು ಅತ್ತೆ ಕೇಳಿದಾಗ ಅವಳು ನಗಲಿಲ್ಲ. ಅದಕ್ಕಾಗಿ ದೊಡ್ಡಮ್ಮ ಅವಳಿಗೆ ಜೀವಮಾನವಿಡೀ ಋಣಿ.

"ಅತ್ತೆ, ಎರಡೇ ವಿಷಯ. ದಿನಾ ಮಾಡೋದು ಒಂದು, ಈಗ ಮಾಡ್ತಾ ಇರೋದು ಒಂದು. ದಿನಾ ಆದ್ರೆ ಈಟ್ಸ್. ಈಗ ಆದ್ರೆ ಈಸ್ ಈಟಿಂಗ್."

"ದಿನಾನೂ ತಿಂತಾಳೆ, ಈಗ್ಲೂ ತಿಂತಾ ಇದಾಳೆ. ಆಗ?"

ಸೊಸೆ ಒಲೆಯ ಮೇಲಿನ ಹಾಲಿನ ಪಾತ್ರೆ ತೋರಿಸಿದಳು. "ಹಾಲು ಉಕ್ಕುತ್ತೆ ಅಂದ್ರೆ ಏನು? ಹಾಲಿನ ಗುಣ ಅದು. ಆರಾಮಾಗಿ ಕೂತ್ಕೊಂಡು ಹೇಳಬಹುದು. ಹಾಲು ಉಕ್ತಾ ಇದೆ ಅಂದ್ರೆ?"

"ಅಯ್ಯೋ, ಎದ್ದು ಓಡ್ಬೇಕು!"

"ಅಷ್ಟೇ ಅತ್ತೆ. ಕೂತು ಹೇಳೋದು ಒಂದು, ಓಡೋದಕ್ಕೆ ಹೇಳೋದು ಒಂದು."

ಇದಕ್ಕಿಂತ ಚೆನ್ನಾಗಿ ಯಾವ ಪಂಡಿತ ಹೇಳಿಯಾನು? ದೊಡ್ಡಮ್ಮ ಬಸ್ಸಿನಲ್ಲಿ ಕುಳಿತು ಕಂಡದ್ದನ್ನೆಲ್ಲ ಎರಡು ರಾಶಿ ಮಾಡತೊಡಗಿದಳು. ಡ್ರೈವರ್ ದಿನಾ ಬೈಯುತ್ತಾನೆ: ಸ್ಕೋಲ್ಡ್ಸ್. ಈಗ ಆಕಳಿಸುತ್ತಾ ಇದ್ದಾನೆ: ಈಸ್ ಯಾನಿಂಗ್. ಮಗ ರಾತ್ರಿ ಗೊರಕೆ ಹೊಡೆಯುತ್ತಾನೆ, ಅದು ಮೊದಲ ರಾಶಿಗೆ. ಹೊಡೆಯುತ್ತಲೇ ಇದ್ದಾನೆ ಎಂದು ಸೊಸೆಯ ಮುಖದಲ್ಲಿ ಕಂಡರೆ ಎರಡನೆಯದಕ್ಕೆ. ಅತ್ತೆಸೊಸೆ ಇಬ್ಬರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಬೇಕು ಅನ್ನುವ ಮಾತಿಗೆ ಮಾತ್ರ ಇಂಗ್ ಹಚ್ಚಬಾರದು ಎಂದು ಸೊಸೆ ತಾಕೀತು ಮಾಡಿದಳು. ಯಾಕೆ ಎಂದರೆ, "ಅದು ಹಾಗೇ" ಎಂದಳು. ಗುರುಗಳು ಹಾಗೇ ಅಂದಮೇಲೆ ಹಾಗೇ.

ಇಷ್ಟಕ್ಕೇ ನಿಂತಿದ್ದರೆ ಈ ಕತೆ ಹೇಳುವ ಅಗತ್ಯವೇ ಇರಲಿಲ್ಲ. ಆದರೆ ಮನೆಯಲ್ಲಿ ಸಲೀಸಾಗಿ ಬರುವ ವಾಕ್ಯ ಶಿಶುವಿಹಾರದಲ್ಲಿ, ಒಬ್ಬ ಕೂದಲೆಳೆಯುತ್ತಿರುವಾಗ, ಇನ್ನೊಬ್ಬಳು ತಟ್ಟೆ ಮಗುಚುತ್ತಿರುವಾಗ, ಗಂಟಲಲ್ಲೇ ಮುರಿದು ಬೀಳುತ್ತಿತ್ತು. ಆ ಅಪ್ಪನ "ಈಸ್ ಕಮ್" ಇನ್ನೂ ಕಿವಿಯಲ್ಲಿತ್ತು. ಒಂದು ಭಾನುವಾರ ಅವಳು ಕೋಣೆಯ ಬಾಗಿಲು ಹಾಕಿಕೊಂಡು, ಮಂಚದ ಮೇಲೆ ಕುಳಿತು, ಒಂದೊಂದು ಮಗುವಿನ ಹೆಸರು ಹಿಡಿದು ಇಡೀ ವಾರದ ಮಾತುಗಳನ್ನು ಫೋನಿನಲ್ಲಿ ಹೇಳಿಟ್ಟಳು. ತಪ್ಪಿದರೆ ಅಳಿಸಿ ಮತ್ತೆ. ಆಮೇಲೆ ಸೊಸೆಗೆ ಕೇಳಿಸಿದಳು.

"ಇದ್ಯಾಕೆ ಅತ್ತೆ ಇಷ್ಟೊಂದು?"

"ಅಭ್ಯಾಸಕ್ಕೆ."

ಸೊಸೆ ಮೆಚ್ಚಿ, ಅಲ್ಲೊಂದು ಇಲ್ಲೊಂದು ತಿದ್ದಿದಳು. ಸೋಮವಾರ ಒಂದು ಗಂಟೆಗೆ ದೊಡ್ಡಮ್ಮ ಹೆಬ್ಬೆರಳು ಒತ್ತಿದಳು, ಅಷ್ಟೇ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಯಿತು. ಹೇಗೂ ಆ ಹೊತ್ತಿಗೆ ಮಕ್ಕಳು ಮಾಡುವುದು ಇನ್ನೇನು? ತಿನ್ನುತ್ತವೆ, ಮಲಗುತ್ತವೆ, ಆಡುತ್ತವೆ. ಮೂರರಲ್ಲಿ ಒಂದು ನಿಜವಾಗಿಯೇ ಇರುತ್ತದೆ. ಹಾಗೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹೊಗಳಿಕೆ ಬಂತು. "ದೊಡ್ಡಮ್ಮ, ಎಷ್ಟು ಚೆನ್ನಾಗಿ ಮಾತಾಡ್ತೀರಿ!" ಎಂದು ತಾಯಂದಿರು ಬಾಗಿಲಲ್ಲಿ ಹೇಳಿದರು. ಆ ಅಪ್ಪ ಕೂಡ ಅಣಕಿಸುವುದನ್ನು ಬಿಟ್ಟ. ಮೇಡಂ ಅವಳದೊಂದು ಮೆಸೇಜನ್ನು ಹೊಸದಾಗಿ ವಿಚಾರಿಸಲು ಬಂದವರಿಗೆ ಕೇಳಿಸಿದರು. ದೊಡ್ಡಮ್ಮ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ, ಏನೂ ಕೇಳಿಸದವಳ ಹಾಗೆ ನಿಂತು, ಒಂದೊಂದು ಅಕ್ಷರವನ್ನೂ ಕೇಳಿಸಿಕೊಂಡಳು.

ನಿಜ ಹೇಳಬೇಕೆಂದರೆ, ಕೆಲವೇ ತಿಂಗಳಲ್ಲಿ ಅವಳಿಗೆ ಇಂಗ್ಲಿಷ್ ಬಂದೇ ಬಂತು. ಯಾವ ಮಗು ಏನು ಮಾಡುತ್ತಿದೆಯೆಂದು ಆ ಗಳಿಗೆಯಲ್ಲೇ ತಪ್ಪಿಲ್ಲದೆ ಹೇಳಬಲ್ಲವಳಾದಳು. ಆದರೂ ಭಾನುವಾರದ ಮಾತು ನಿಲ್ಲಲಿಲ್ಲ. ಒಂದು ಗಂಟೆ ಎಂದರೆ ಊಟ ಮುಗಿಸಿ, ಬಾಯಿ ತೊಳೆಸಿ, ಚಾಪೆ ಹಾಸುವ ಹೊತ್ತು, ಹೆಬ್ಬೆರಳಿನ ದಾರಿ ಸುಲಭವಾಗಿತ್ತು. ಮುಂದೆ ಅವಳನ್ನು ಹೆಚ್ಚು ಸುಟ್ಟದ್ದು ಇದೇ. ಬಾರದೆ ಮಾಡಿದ್ದಕ್ಕೆ ಕ್ಷಮೆ ಇದ್ದೀತು, ಬಂದಮೇಲೂ ಮಾಡಿದ್ದಕ್ಕೆ ಯಾರ ಹತ್ತಿರ ಹೋಗಿ ಕೇಳುವುದು?

ಗುಬ್ಬಿ ಎಂದೆನಲ್ಲ, ಅದು ಎಲ್ಲರೂ ಇಟ್ಟ ಅಡ್ಡಹೆಸರು. ಗುಬ್ಬಿಯಷ್ಟೇ ತಿನ್ನುತ್ತಿದ್ದಳು, ಗುಬ್ಬಿಯಷ್ಟೇ ಸದ್ದು ಮಾಡುತ್ತಿದ್ದಳು. ಮೂರು ವರ್ಷ ಇನ್ನೂ ತುಂಬಿರಲಿಲ್ಲ. ದೊಡ್ಡಮ್ಮನ ಕಿವಿಯ ಹಾಲೆ ಹಿಡಿದುಕೊಳ್ಳದೆ ಮಲಗುವವಳಲ್ಲ. ಅವಳ ತಾಯಿ ಫೋನ್ ಕಂಪನಿಯೊಂದರಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸದವಳು. ದಿನವಿಡೀ ಊರವರ ಬೈಗುಳ ಕಿವಿಗೆ ಹಾಕಿಸಿಕೊಳ್ಳಬೇಕು, ಸ್ವಂತ ಫೋನನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ಒಂದು ಗಂಟೆಗೆ ಊಟಕ್ಕೆ ಬಿಟ್ಟಾಗ ಬೀಗ ತೆಗೆದು, ಡಬ್ಬಿ ಬಿಚ್ಚುವ ಮೊದಲು ಅವಳು ದೊಡ್ಡಮ್ಮನ ದನಿ ಕೇಳುತ್ತಿದ್ದಳು.

ಆ ಬುಧವಾರ ಬೆಳಿಗ್ಗೆ ಮಗುವನ್ನು ಕೈಗೆ ಕೊಡುವಾಗ ತಾಯಿ ಹೇಳಿದಳು: "ದೊಡ್ಡಮ್ಮ, ಮೈ ಸ್ವಲ್ಪ ಬೆಚ್ಚಗಿದೆ. ರಜೆ ಕೇಳಿದೆ, ಕೊಡ್ಲಿಲ್ಲ. ಒಂದು ಗಂಟೆಗೆ ಹೇಗಿದಾಳೆ ಅಂತ ಸರಿಯಾಗಿ ಹೇಳಿ. ಮಂಕಾಗಿದ್ರೆ ಯಾರು ಏನಂದ್ರೂ ಬಿಟ್ಟು ಬಂದ್ಬಿಡ್ತೀನಿ."

"ಹೇಳ್ತೀನಿ ಕಣಮ್ಮ. ನೀವು ಯೋಚ್ನೆ ಮಾಡ್ಬೇಡಿ, ಹೋಗಿ ಬನ್ನಿ."

ಅವತ್ತು ಅಡುಗೆಯವಳು ಬರಲಿಲ್ಲ. ಅನ್ನಕ್ಕಿಡುವುದೂ ದೊಡ್ಡಮ್ಮನ ಪಾಲಿಗೆ ಬಂತು. ನಡುವೆ ಒಬ್ಬ ಪೋರ ವಾಂತಿ ಮಾಡಿಕೊಂಡ, ಅವನನ್ನು ತೊಳೆಸುವಷ್ಟರಲ್ಲಿ ಇನ್ನೊಬ್ಬಳು ಆ ವಾಂತಿಯಲ್ಲೇ ಜಾರಿದಳು. ಗೋಡೆ ಗಡಿಯಾರದಲ್ಲಿ ಒಂದು ಹೊಡೆದಾಗ ದೊಡ್ಡಮ್ಮನ ಒಂದು ಕೈಯಲ್ಲಿ ನೆಲ ಒರೆಸುವ ಬಟ್ಟೆಯಿತ್ತು. ಇನ್ನೊಂದು ಕೈಯಿಂದ ಫೋನು ತೆಗೆದು, ಅಭ್ಯಾಸಬಲದಿಂದ, ಬುಧವಾರದ ಮಾತುಗಳನ್ನೆಲ್ಲ ಒಂದರ ಹಿಂದೊಂದು ಕಳಿಸಿಬಿಟ್ಟಳು. ಗುಬ್ಬಿಯದೂ ಹೋಯಿತು. "ಗುಬ್ಬಿ ಈಸ್ ಪ್ಲೇಯಿಂಗ್ ವಿತ್ ಹರ್ ಫ್ರೆಂಡ್ಸ್. ಶಿ ಈಸ್ ಲಾಫಿಂಗ್."

ಬಟ್ಟೆ ಹಿಂಡಿ ಬಂದು ನೋಡಿದರೆ ಗುಬ್ಬಿ ಬಾಗಿಲ ಬಳಿ ಚಪ್ಪಲಿ ಗೂಡಿಗೆ ತಲೆಯಾನಿಸಿ ಮುದುರಿಕೊಂಡಿದ್ದಳು. ಮುಟ್ಟಿದರೆ ಮೈ ಸುಡುತ್ತಿತ್ತು.

ಆಗಲೇ ಫೋನು ತೆಗೆಯಬಹುದಿತ್ತು. ತೆಗೆದಳು ಕೂಡ. ಆದರೆ ಏನೆಂದು ಹೇಳುವುದು? ಈಗಷ್ಟೇ ನಗುತ್ತಾ ಆಡುತ್ತಿದ್ದಾಳೆ ಎಂದವಳು, ಅದರ ಬೆನ್ನಿಗೇ ಜ್ವರದಲ್ಲಿ ಬಿದ್ದಿದ್ದಾಳೆ ಎಂದರೆ, ಆ ತಾಯಿ ಏನೆಂದುಕೊಂಡಾಳು? ಕೇಳಿಯೇ ಕೇಳುತ್ತಾಳೆ. ಒಂದಕ್ಕೆ ಉತ್ತರ ಕೊಟ್ಟರೆ ಇನ್ನೊಂದು ಕೇಳುತ್ತಾಳೆ, ಭಾನುವಾರ ಹೇಳಿಟ್ಟ ಮಾತಿನವರೆಗೂ ಹೋಗುತ್ತಾಳೆ. ಬಾಗಿಲಲ್ಲಿ ಗೊಳ್ಳೆಂದವರ ಮುಖಗಳು ಕಣ್ಣ ಮುಂದೆ ಬಂದವು. ದೊಡ್ಡಮ್ಮ ಫೋನನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಬಟ್ಟೆ ಒದ್ದೆ ಮಾಡಿ ಮಗುವಿನ ಹಣೆಗಿಟ್ಟಳು. ಒಂದು ನಿದ್ದೆ ಆದರೆ ಸರಿಹೋಗುತ್ತಾಳೆ ಎಂದುಕೊಂಡಳು. ಮಕ್ಕಳಿಗೆ ಜ್ವರ ಬರುವುದಿಲ್ಲವೇ, ಹೋಗುವುದಿಲ್ಲವೇ? ಗುಬ್ಬಿ ಕಣ್ಣು ತೆರೆಯದೆಯೇ ಕೈ ಚಾಚಿ ಅವಳ ಕಿವಿ ಹುಡುಕಿ ಹಿಡಿದುಕೊಂಡಳು.

ಸಂಜೆಯ ಹಾಲು ಕಾಯಿಸುವ ಹೊತ್ತಿಗೆ ಮಗುವಿನ ಕಣ್ಣುಗುಡ್ಡೆ ಮೇಲೆ ಹೋಗಿ, ಕೈಕಾಲು ಸೆಟೆದು ಅದುರತೊಡಗಿತು.

ಮೇಡಂ ಕಾರು ತೆಗೆದರು. ದಾರಿಯುದ್ದಕ್ಕೂ ದೊಡ್ಡಮ್ಮ ಮಗುವನ್ನು ಮಡಿಲಲ್ಲಿಟ್ಟುಕೊಂಡು ಯಾವ ದೇವರು ನೆನಪಿಗೆ ಬಂದರೆ ಆ ದೇವರ ಕಾಲು ಹಿಡಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅದುರಾಟ ನಿಂತಿತ್ತು, ಆದರೆ ಮಗು ಎಷ್ಟು ಕರೆದರೂ ಕಣ್ಣು ಬಿಡುತ್ತಿರಲಿಲ್ಲ. ತಾಯಿ ಕೆಲಸದ ಜಾಗದಿಂದ ಓಡಿ ಬಂದಳು. ದೂರು ಕೇಳುವ ಹೆಡ್‌ಫೋನನ್ನು ತೆಗೆಯಲೂ ಮರೆತಿದ್ದಳು, ಅದು ಕೊರಳಲ್ಲಿ ನೇತಾಡುತ್ತಿತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಚುರುಕು. ಮಗುವಿನ ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತಾ, "ಜ್ವರ ಯಾವಾಗಿಂದ?" ಎಂದರು.

"ಬೆಳಿಗ್ಗೆ ಸ್ವಲ್ಪ ಬೆಚ್ಚಗಿತ್ತು ಡಾಕ್ಟ್ರೇ. ಆದ್ರೆ ಮಧ್ಯಾಹ್ನ ಚೆನ್ನಾಗಿದ್ಲು. ಕೇಳಿ ಬೇಕಾದ್ರೆ." ತಾಯಿ ಫೋನು ಒತ್ತಿದಳು. ಆ ಕೋಣೆಯಲ್ಲಿ ದೊಡ್ಡಮ್ಮನ ದನಿ, ತಪ್ಪಿಲ್ಲದ ಇಂಗ್ಲಿಷಿನಲ್ಲಿ, ಗುಬ್ಬಿ ಗೆಳೆಯರೊಂದಿಗೆ ಆಡುತ್ತಿದ್ದಾಳೆ, ನಗುತ್ತಿದ್ದಾಳೆ ಎಂದಿತು.

ಡಾಕ್ಟರ ಹುಬ್ಬು ಗಂಟಾಯಿತು. "ಒಂದು ಗಂಟೆಗೆ ನಗ್ತಾ ಆಡ್ತಿದ್ದ ಮಗು ಇಷ್ಟು ಬೇಗ ಹೀಗಾಯ್ತು ಅಂದ್ರೆ, ಬರೀ ಜ್ವರ ಅಂತ ಸುಮ್ನಿರಕ್ಕೆ ಆಗಲ್ಲ. ಏನಾದ್ರೂ ನುಂಗಿದ್ಯಾ? ಮಾತ್ರೆ, ಔಷಧಿ? ಕೆಳಗೆ ಔಷಧಿ ಅಂಗಡಿ ಇದೆ ಅಂದ್ರಲ್ಲ?" ತಾಯಿ ಗೊತ್ತಿಲ್ಲವೆಂದು ತಲೆಯಾಡಿಸಿದಳು, ಡಾಕ್ಟರು ನರ್ಸಿನ ಕಡೆ ತಿರುಗಿದರು. "ಮೂಗಿಗೆ ನಳಿಗೆ ಹಾಕ್ಬೇಕಾಗುತ್ತೆ, ರೆಡಿ ಮಾಡಿ. ಹೊಟ್ಟೆಯಲ್ಲಿ ಏನಿದೆ ನೋಡೋಣ."

ತಟ್ಟೆಯಲ್ಲಿ ಉದ್ದನೆಯ ನಳಿಗೆ ಬಂತು. ತಾಯಿ ಮಗುವಿನ ಕೈ ಹಿಡಿದುಕೊಂಡಳು. ಮೇಡಂ ದೊಡ್ಡಮ್ಮನ ಮುಖ ನೋಡಿದರು, ಅವರಿಗೇನೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಆ ಕೋಣೆಯಲ್ಲಿ ಒಬ್ಬಳೇ. ಬಾಯಿ ಬಿಟ್ಟರೆ ಬಣ್ಣಗೇಡು. ಬಿಡದಿದ್ದರೆ ಆ ನಳಿಗೆ ಆ ಪುಟ್ಟ ಮೂಗಿನೊಳಗೆ ಇಳಿಯುತ್ತದೆ, ಇಲ್ಲದ ವಿಷವನ್ನು ಹುಡುಕುತ್ತಾ.

"ಅದು ಇವತ್ತಿನದಲ್ಲ" ಎಂದಳು.

"ಯಾವ್ದು?"

"ಆ ಮಾತು. ಭಾನುವಾರ ಹೇಳಿದ್ದು. ನಮ್ಮನೇಲಿ ಕೂತು, ಇಡೀ ವಾರದ್ದು ಹೇಳಿಟ್ಕೊಂಡಿದ್ದೆ. ಅವ್ಳು ನಗ್ತಿರ್ಲಿಲ್ಲ ಡಾಕ್ಟ್ರೇ. ಬೆಳಿಗ್ಗೆಯಿಂದ ಮಂಕಾಗೇ ಇದ್ಲು. ಒಂದು ಗಂಟೆಗೆ ಮೈ ಕೆಂಡ ಆಗಿತ್ತು. ನಾನೇ ಮುಟ್ಟಿ ನೋಡಿದೀನಿ. ಆಮೇಲೆ ಎದ್ದೇ ಇಲ್ಲ, ಏನನ್ನೂ ಬಾಯಿಗೆ ಹಾಕ್ಕೊಂಡಿಲ್ಲ. ನಾನು ಪಕ್ಕದಲ್ಲೇ ಇದ್ದೆ."

"ಖಂಡಿತನಾ? ಈಗ ಹೇಳ್ತಿರೋದು ನಿಜ ತಾನೇ?" ಎಂದು ಡಾಕ್ಟರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೂ ದೊಡ್ಡಮ್ಮನಿಗೆ ಕಪಾಳಕ್ಕೆ ಬಿಗಿದಂತಾಯಿತು.

"ನಿಜ. ನನ್ನ ಮಗನಾಣೆ."

ಡಾಕ್ಟರು ಮಗುವಿನ ಕತ್ತು ಬಗ್ಗಿಸಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಒಂದಷ್ಟು ಹೊತ್ತು ಯೋಚಿಸಿದರು. ಜ್ವರ ತಲೆಗೇರಿ ಈ ವಯಸ್ಸಿನ ಮಕ್ಕಳಿಗೆ ಹೀಗೆ ಆಗುವುದುಂಟು, ನಳಿಗೆ ಈಗ ಬೇಡ, ಜ್ವರ ಇಳಿಸೋಣ, ರಾತ್ರಿ ಇಲ್ಲೇ ಇರಲಿ ಎಂದರು. ನರ್ಸು ತಟ್ಟೆಯನ್ನು ಒಳಗೆ ಒಯ್ದಳು. ಹೊರಡುವಾಗ ಡಾಕ್ಟರು ದೊಡ್ಡಮ್ಮನ ಕಡೆ ತಿರುಗಿ, "ಒಂದು ಗಂಟೆಗೇ ಕರ್ಕೊಂಡು ಬಂದಿದ್ರೆ ಇಷ್ಟಕ್ಕೆ ಬರ್ತಿರ್ಲಿಲ್ವೇನೋ" ಎಂದು ಮೆಲ್ಲಗೆ ಹೇಳಿದರು. ಅದಕ್ಕೆ ದೊಡ್ಡಮ್ಮ ತಲೆ ತಗ್ಗಿಸಿದಳು.

ಕತ್ತಲಾಗುವ ಮೊದಲೇ ಗುಬ್ಬಿ ಕಣ್ಣು ಬಿಟ್ಟು ನೀರು ಕೇಳಿದಳು. ಗಾಜಿನ ಬಾಗಿಲ ಹೊರಗಿನಿಂದ ಅದನ್ನು ನೋಡಿ ದೊಡ್ಡಮ್ಮ ಬೆಂಚಿನ ಮೇಲೆ ಕುಸಿದಳು. ಸ್ವಲ್ಪ ಹೊತ್ತಿಗೆ ತಾಯಿ ಹೊರಗೆ ಬಂದು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು. ಬೈಯುತ್ತಾಳೆ, ಬೈಯಲಿ ಎಂದು ದೊಡ್ಡಮ್ಮ ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ತಾಯಿ ಫೋನು ತೆಗೆದಳು. ಅಷ್ಟೂ ತಿಂಗಳ ಮೆಸೇಜುಗಳು ಅದರಲ್ಲಿದ್ದವು, ಒಂದನ್ನೂ ಅಳಿಸಿರಲಿಲ್ಲ.

"ಇದು?" ಎಂದು ಒಂದನ್ನು ಒತ್ತಿದಳು. ಗುಬ್ಬಿ ಈಸ್ ಡ್ಯಾನ್ಸಿಂಗ್.

"ಗೊತ್ತಿಲ್ಲ ಕಣಮ್ಮ."

"ಇದು?" ಗುಬ್ಬಿ ಈಸ್ ಡ್ರಾಯಿಂಗ್ ಎ ಫ್ಲವರ್.

"ಇಲ್ಲ. ಇರಬಹುದು. ಗೊತ್ತಿಲ್ಲ."

"ಇದನ್ನ ಕೇಳಿ ಅವತ್ತು ನಾನು ಅವ್ಳಿಗೆ ಬಣ್ಣದ ಪೆನ್ಸಿಲ್ ತಗೊಂಡು ಹೋಗಿದ್ದೆ" ಎಂದಳು ತಾಯಿ. "ದಿನಾ ಬಸ್ಸಲ್ಲಿ ಹೋಗ್ತಾ ಹಳೇವನ್ನೆಲ್ಲ ಕೇಳ್ತಿದ್ದೆ. ಹಿಂದೆ ಮಕ್ಕಳ ಸದ್ದೇ ಇರ್ತಿರ್ಲಿಲ್ಲ. ಎಷ್ಟು ಶಿಸ್ತಾಗಿ ನೋಡ್ಕೊತಾರೆ ಅಂದ್ಕೊಂಡಿದ್ದೆ. ನಮ್ಮ ಅತ್ತೆಗೂ ಕೇಳ್ಸಿದ್ದೆ."

ದೊಡ್ಡಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಾಯಿ ಬೆರಳಲ್ಲಿ ಮೇಲಕ್ಕೆ ಮೇಲಕ್ಕೆ ಸರಿಸಿ ಮೊದಲ ವಾರಕ್ಕೆ ಹೋದಳು. "ಗುಬ್ಬಿ ಈಸ್ ಈಟ್ ರೈಸ್!" ಎಂದು ಫೋನು ಕೂಗಿತು. ಹಿಂದೆ ತಟ್ಟೆ ಬಿದ್ದ ಸದ್ದು, ಯಾರದೋ ಅಳು, ಅದರ ನಡುವೆ ಸಣ್ಣ ದನಿಯೊಂದು "ದೊದ್ದಮ್ಮಾ, ಇನ್ನೂ" ಎಂದಿತು.

"ಇದು ನಿಜ" ಎಂದಳು ದೊಡ್ಡಮ್ಮ. "ಮೊದ್ಮೊದಲಿನವೆಲ್ಲ ನಿಜ. ಅಷ್ಟೇ ನಿಜ."

ತಾಯಿ ಅದನ್ನು ಮತ್ತೊಮ್ಮೆ ಕೇಳಿದಳು. ಆಮೇಲೆ, ಮುಖ ತಿರುಗಿಸದೆ, "ಹಾಗಾದ್ರೆ ಒಂದು ಗಂಟೆಗೆ ಅವ್ಳು ದಿನಾ ಏನ್ ಮಾಡ್ತಾಳೆ?" ಎಂದಳು.

ಇದು ದೊಡ್ಡಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ಕಷ್ಟವಾಯಿತು. "ಮೆಟ್ಟಿಲಲ್ಲಿ ಸದ್ದಾದ್ರೆ ಬಾಗಿಲಿಗೆ ಓಡ್ತಾಳೆ. ಅಮ್ಮ ಅಂತಾಳೆ. ಯಾರೂ ಬರ್ದೇ ಇದ್ರೆ ಅಲ್ಲೇ ಚಪ್ಪಲಿ ಗೂಡಿನ ಹತ್ರ ಕೂತ್ಕೊತಾಳೆ. ಆಮೇಲೆ ನಾನು ಎತ್ಕೊಂಡು ಬಂದು ಮಲಗ್ಸಿದ್ರೆ ನನ್ನ ಕಿವಿ ಹಿಡ್ಕೊಂಡು ಮಲಗ್ತಾಳೆ."

"ದಿನಾನಾ?"

"ದಿನಾ."

ತಾಯಿ ಫೋನನ್ನು ಚೀಲಕ್ಕೆ ಹಾಕಿ, ಎದ್ದು, ಒಳಗೆ ಹೋದಳು.

ಮಾರನೆಯ ದಿನ ಮೇಡಂ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಸುಳ್ಳು ಹೇಳಿದ್ದಕ್ಕಲ್ಲ. "ಅಷ್ಟು ಜನರ ಮುಂದೆ ಹೇಳೋ ಅಗತ್ಯ ಏನಿತ್ತು ದೊಡ್ಡಮ್ಮ? ನನ್ನ ಕಿವೀಲಿ ಹೇಳಿದ್ರೆ ಆಗ್ತಿರ್ಲಿಲ್ವಾ? ಈಗ ಎಲ್ಲ ತಾಯಂದಿರೂ ಕೇಳ್ತಿದಾರೆ" ಎಂದರು. ದೊಡ್ಡಮ್ಮ ಏಪ್ರನ್ ಮಡಿಸಿ ಅಡುಗೆಮನೆಯ ಗೂಡಿನಲ್ಲಿಟ್ಟು, ಮಕ್ಕಳು ಮಲಗಿರುವಾಗ ಬೆಕ್ಕಿನ ಹೆಜ್ಜೆಯಲ್ಲಿ ಮೆಟ್ಟಿಲಿಳಿದಳು.

ಮನೆಯಲ್ಲಿ ಸೊಸೆಗೆ ಎಲ್ಲವನ್ನೂ ಹೇಳಿದಳು. "ಅಭ್ಯಾಸಕ್ಕೆ ಅಂದಿದ್ರಿ ಅತ್ತೆ. ನಾನು ತಿದ್ದಿ ತಿದ್ದಿ ಕೊಟ್ಟೆ" ಎಂದಳು ಸೊಸೆ.

"ನಿಂದೇನೂ ತಪ್ಪಿಲ್ಲ ಕಣೇ. ನೀನು ಹಾಲಿನ ಪಾತ್ರೆ ತೋರಿಸಿ ಹೇಳ್ಕೊಟ್ಟಿದ್ದೆ. ಹಾಲು ಉಕ್ತಾ ಇತ್ತು. ನಾನು ಓಡೋದು ಹಾಗಿರ್ಲಿ, ಅವ್ಳ ತಾಯಿನೂ ಓಡಿ ಬರ್ದಿರೋ ಹಾಗೆ ಮಾಡ್ದೆ."

ಸೊಸೆ ಅವತ್ತು ಪಾಠಕ್ಕೆ ಬಂದ ಮಕ್ಕಳನ್ನು ಬೇಗ ಕಳಿಸಿ ಅತ್ತೆಗೆ ಊಟ ಬಡಿಸಿದಳು. ಅದನ್ನು ತಿನ್ನುವುದೂ ದೊಡ್ಡಮ್ಮನಿಗೆ ಅಪರಾಧವೆನ್ನಿಸಿತು. ಮುಂದಿನ ದಿನಗಳಲ್ಲಿ ಗಡಿಯಾರ ಒಂದು ಹೊಡೆದರೆ ಹೆಬ್ಬೆರಳು ತಾನಾಗಿ ಅಲುಗುತ್ತಿತ್ತು. ಅವಳು ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದಳು. ಗುಬ್ಬಿಗೆ ವಾಸಿಯಾಗಿದೆ ಎಂದು ಅಡುಗೆಯವಳಿಂದ ತಿಳಿದಿತ್ತು. ಅವಳನ್ನು ಬೇರೆ ಕಡೆ ಹಾಕುತ್ತಾರಂತೆ ಎಂದೂ ತಿಳಿದಿತ್ತು. ನೋಡಲು ಹೋಗೋಣವೆಂದರೆ ಯಾವ ಮುಖ ಹೊತ್ತುಕೊಂಡು ಹೋಗುವುದು?

ಹೀಗೆ ಕುಳಿತಿದ್ದ ಒಂದು ಮಧ್ಯಾಹ್ನ, ಅದೇ ಒಂದು ಗಂಟೆಗೆ, ಫೋನು ಬಡಿದುಕೊಂಡಿತು. ಗುಬ್ಬಿಯ ತಾಯಿ.

"ರಜೆಯಲ್ಲಿದೀನಿ" ಎಂದಳು ಆ ಕಡೆಯಿಂದ. ದನಿಯಲ್ಲಿ ಸ್ನೇಹವಿರಲಿಲ್ಲ. "ಮಲಗ್ತಾನೇ ಇಲ್ಲ ಇವ್ಳು. ನನ್ನ ಕಿವಿ ಕೊಟ್ರೆ ಬೇಡ ಅಂತಾಳೆ. ದೊಡ್ಡಮ್ಮ ಏನ್ ಮಾಡ್ತಾ ಇದಾಳೆ, ದೊಡ್ಡಮ್ಮ ಏನ್ ಮಾಡ್ತಾ ಇದಾಳೆ ಅಂತ ಬೆಳಿಗ್ಗೆಯಿಂದ ಒಂದೇ ರಾಗ. ಏನ್ ಹೇಳ್ಲಿ?"

ಊಟ ಮಾಡ್ತಾ ಇದಾಳೆ ಅಂತ ಹೇಳಿ. ಮಲಗಿದಾಳೆ ಅಂತ ಹೇಳಿ. ಎರಡೂ ನಾಲಿಗೆಯ ತುದಿಗೆ ಬಂದವು. ಯಾವ ಮಗುವೂ ಒಪ್ಪುವ ಮಾತುಗಳು, ತಿದ್ದಿ ತೀಡಿ ಸಿದ್ಧವಾಗಿದ್ದವು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ದೊಡ್ಡಮ್ಮ ಆ ಎರಡನ್ನೂ ನುಂಗಿಕೊಂಡಳು.

"ಅಳ್ತಾ ಇದಾಳೆ ಅಂತ ಹೇಳಮ್ಮ" ಎಂದಳು.

ಆ ಕಡೆ ಫೋನು ಕೈ ಬದಲಾದ ಸದ್ದು, ಮೂಗು ಕಟ್ಟಿದ ಸಣ್ಣ ಉಸಿರು.

"ದೊದ್ದಮ್ಮಾ. ಯಾಕೆ?"

ದೊಡ್ಡಮ್ಮ ಕಣ್ಣು ಒರೆಸಿಕೊಂಡಳು. "ನಾನು ನಿಮ್ಮ ಅಮ್ಮಂಗೆ ಸುಳ್ಳು ಹೇಳ್ದೆ ಕಂದ" ಎಂದಳು. "ನೀನು ಬಾಗಿಲ ಹತ್ರ ಅಮ್ಮ ಬೇಕು ಅಂತ ಕೂತಿದ್ರೆ, ನಾನು ಆಡ್ತಾ ಇದಾಳೆ ಅಂತ ಹೇಳ್ದೆ. ದಿನಾ ಹೇಳ್ದೆ." ಮಗುವಿಗೆ ಎಷ್ಟು ತಿಳಿಯಿತೋ, ಉಸಿರಾಡುವುದು ಮಾತ್ರ ಕೇಳುತ್ತಿತ್ತು. ದೊಡ್ಡಮ್ಮ ಎಲ್ಲವನ್ನೂ ಮೊದಲಿನಿಂದ ಹೇಳುತ್ತಾ ಹೋದಳು. ಆ ಉಸಿರು ನಿಧಾನವಾಗಿ ನಿದ್ದೆಯ ಉಸಿರಾದ ಮೇಲೂ ತಾಯಿ ಫೋನು ಇಡಲಿಲ್ಲ.